ವಿಶ್ವಾಸಾರ್ಹ ವೆಬ್ ಹೋಸ್ಟಿಂಗ್ ಸೇವೆಯ ಆಯ್ಕೆ: ಬೀಗದ ಕೈ ಉದ್ಯಮಿಯ ಬಳಿಯೇ ಇರಲಿ

ಬೆಂಗಳೂರು–ಮೈಸೂರು ರಸ್ತೆಯ ಇಕ್ಕೆಲಗಳಲ್ಲಿ ಸಾಲುಗಟ್ಟಿ ನಿಂತಿದ್ದ ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ದಶಕಗಳ ಕಾಲ ಜಾಹೀರಾತಿನ ಅಗತ್ಯವೇ ಕಂಡಿರಲಿಲ್ಲ. ರಸ್ತೆಯೇ ಗ್ರಾಹಕರನ್ನು ಕರೆತರುತ್ತಿತ್ತು. ಮೈಸೂರಿಗೆ ಹೊರಟ ಕುಟುಂಬಗಳು ನಡುವೆ ವಾಹನ ನಿಲ್ಲಿಸಿ, ಮಕ್ಕಳಿಗೊಂದು ಬೊಂಬೆ ಕೊಂಡು ಮುಂದೆ ಸಾಗುವುದು ವಾಡಿಕೆಯಾಗಿತ್ತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡ ನಂತರ ಈ ಚಿತ್ರ ಬದಲಾಯಿತು. ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ಹೋಗುವ ಸುಮಾರು 22 ಕಿಲೋಮೀಟರ್ ಉದ್ದದ ಬೈಪಾಸ್ ಪ್ರವಾಸಿಗರ ಸಮಯವನ್ನು ಉಳಿಸಿತು. ಆದರೆ ಹಳೆಯ ರಸ್ತೆಯ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ವಾಹನಗಳ ಸಂಖ್ಯೆಯನ್ನು ಇಳಿಸಿತು.

ರಸ್ತೆ ಸರಿದುಹೋದಾಗ ಅಂಗಡಿಯನ್ನು ಗ್ರಾಹಕರಿರುವ ಕಡೆಗೆ ಕೊಂಡೊಯ್ಯುವುದು ವ್ಯಾಪಾರಿಯ ಸಹಜ ಧರ್ಮ. ಇಂದು ಆ ಕೆಲಸಕ್ಕೆ ಸುಲಭ ಸಾಧನವೆಂದರೆ ಜಾಲತಾಣ. 2005–06ರಲ್ಲಿ ಭೌಗೋಳಿಕ ಸೂಚಿಕೆಯ ನೋಂದಣಿ ಪಡೆದ ಚನ್ನಪಟ್ಟಣದ ಅರಗಿನ ಬೊಂಬೆಗಳಾಗಲಿ, ಕನಕಪುರದ ಗ್ರಾನೈಟ್ ಆಗಲಿ, ರಾಮನಗರದ ರೇಷ್ಮೆ ನೂಲಾಗಲಿ, ಮಾಗಡಿ ಸುತ್ತಲಿನ ಮಾವಿನ ಉತ್ಪನ್ನಗಳಾಗಲಿ, ದೂರದ ಖರೀದಿದಾರನಿಗೆ ಮೊದಲು ಕಾಣಿಸುವುದು ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲೆಯೇ. ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಬಿಡಿಭಾಗ ತಯಾರಕರ ವಿಷಯವೂ ಇದೇ. ದೊಡ್ಡ ಕಂಪನಿಯ ಖರೀದಿ ವಿಭಾಗ ಹೊಸ ಪೂರೈಕೆದಾರನ ಕುರಿತು ವಿಚಾರಿಸುವಾಗ ಆತನ ಜಾಲತಾಣವನ್ನೂ, ಇ-ಮೇಲ್ ವಿಳಾಸವನ್ನೂ ಗಮನಿಸುವುದುಂಟು.

ಆದರೆ ಜಾಲತಾಣ ನಿಂತಿರುವುದು ಬಾಡಿಗೆ ಜಾಗದಲ್ಲಿ ಎಂಬುದನ್ನು ಅನೇಕರು ಮರೆಯುತ್ತಾರೆ. ಆ ಜಾಗವನ್ನು ಒದಗಿಸುವ ವೆಬ್ ಹೋಸ್ಟಿಂಗ್ ಸಂಸ್ಥೆಯನ್ನು ಆಯ್ಕೆ ಮಾಡುವಾಗ ದರವೊಂದನ್ನೇ ನೋಡುವುದು ಸಾಮಾನ್ಯ. ಯಾವ ಸಂಸ್ಥೆಯನ್ನು ಆರಿಸಿದರೂ ಒಂದಲ್ಲ ಒಂದು ದಿನ ತೊಂದರೆ ತಪ್ಪಿದ್ದಲ್ಲ. ಆ ದಿನ ತಾಣವನ್ನು ಎತ್ತಿಕೊಂಡು ಬೇರೆಡೆಗೆ ಹೋಗಲು ಸಾಧ್ಯವಿದೆಯೇ ಎಂಬುದೇ ಸೇವೆಯ ವಿಶ್ವಾಸಾರ್ಹತೆಯ ನಿಜವಾದ ಅಳತೆ. ಈ ದೃಷ್ಟಿಯಿಂದ ಉದ್ಯಮಿಗಳು ಗಮನಿಸಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಮೂರು ಪ್ರತ್ಯೇಕ ವಸ್ತುಗಳು

ಜಾಲತಾಣ ಎಂಬುದು ಒಂದೇ ವಸ್ತುವಲ್ಲ. ಮೊದಲನೆಯದು ಡೊಮೇನ್ ಹೆಸರು, ಅಂದರೆ ಅಂಗಡಿಯ ವಿಳಾಸ ಮತ್ತು ನಾಮಫಲಕ. ಎರಡನೆಯದು ಹೋಸ್ಟಿಂಗ್, ಅಂದರೆ ಸದಾ ವಿದ್ಯುತ್ ಮತ್ತು ಅಂತರಜಾಲ ಸಂಪರ್ಕವಿರುವ ಸರ್ವರ್‌ನಲ್ಲಿ ಬಾಡಿಗೆಗೆ ಪಡೆದ ಸ್ಥಳ. ಮೂರನೆಯದು ಆ ಸ್ಥಳದಲ್ಲಿ ಇರಿಸಿದ ಸರಕು: ಪುಟಗಳು, ಚಿತ್ರಗಳು, ದರಪಟ್ಟಿ ಮತ್ತು ಗ್ರಾಹಕರ ವಿವರಗಳು. ಸಣ್ಣ ಉದ್ಯಮಿಗಳು ಈ ಮೂರನ್ನೂ ಒಬ್ಬನೇ ವಿನ್ಯಾಸಕಾರನಿಗೆ ಒಟ್ಟು ಗುತ್ತಿಗೆಯಾಗಿ ವಹಿಸುವುದು ರೂಢಿ. ಅನುಕೂಲ ಇರುವುದೂ, ಅಪಾಯ ಇರುವುದೂ ಅಲ್ಲಿಯೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಚನ್ನಪಟ್ಟಣದ ಬೊಂಬೆ ತಯಾರಕರೊಬ್ಬರು ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಸೋದರಳಿಯನಿಂದ ಜಾಲತಾಣ ಮಾಡಿಸುತ್ತಾರೆ. ಆತ ಪ್ರೀತಿಯಿಂದಲೇ ತನ್ನ ಹೆಸರು, ತನ್ನ ಇ-ಮೇಲ್, ತನ್ನ ಕ್ರೆಡಿಟ್ ಕಾರ್ಡ್ ಬಳಸಿ ಡೊಮೇನ್ ಹೆಸರನ್ನು ನೋಂದಾಯಿಸುತ್ತಾನೆ. ಎರಡು ವರ್ಷಗಳ ನಂತರ ಉದ್ಯೋಗಕ್ಕಾಗಿ ವಿದೇಶಕ್ಕೆ ಹೋಗುತ್ತಾನೆ. ಕಾರ್ಡಿನ ಅವಧಿ ಮುಗಿದಿರುತ್ತದೆ. ನವೀಕರಣದ ಸೂಚನೆಗಳು ಆತ ತೆರೆಯದ ಹಳೆಯ ಇ-ಮೇಲ್ ಖಾತೆಗೆ ಬರುತ್ತಿರುತ್ತವೆ. ದಸರಾ ಬೇಡಿಕೆಯ ದಿನಗಳಲ್ಲಿ ತಾಣ ಮಾಯವಾಗುತ್ತದೆ. ಇಲ್ಲಿ ಯಾರದೂ ದುರುದ್ದೇಶವಿಲ್ಲ, ಸರ್ವರ್ ಕೂಡ ಕೆಟ್ಟಿಲ್ಲ. ಕೊರತೆ ಇದ್ದದ್ದು ದಾಖಲೆಯಲ್ಲಿ ಮಾತ್ರ.

ಹೆಸರು ಯಾರ ಹೆಸರಿನಲ್ಲಿದೆ?

ಇಂತಹ ಮರೆವು ಸಣ್ಣ ಉದ್ಯಮಿಗಳಿಗೆ ಮಾತ್ರ ಸೀಮಿತವಲ್ಲ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರನ್ನು ನವೀಕರಿಸಲು ಮರೆತ ಕಾರಣ ಹಾಟ್‌ಮೇಲ್ ಬಳಕೆದಾರರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ. ಕೊನೆಗೆ ಸಂಸ್ಥೆಗೆ ಸಂಬಂಧವೇ ಇಲ್ಲದ ಪ್ರೋಗ್ರಾಮರ್ ಒಬ್ಬರು 35 ಡಾಲರ್ ಶುಲ್ಕವನ್ನು ತಾವೇ ತೆತ್ತು ಸಮಸ್ಯೆ ಬಗೆಹರಿಸಿದರು. ಸಣ್ಣ ಉದ್ಯಮಿಗೆ ಅಂತಹ ಉಪಕಾರಿ ದೊರೆಯುವ ಸಂಭವ ಕಡಿಮೆ. ಡಾಟ್ ಕಾಮ್‌ನಂತಹ ಹೆಸರಿನ ನೋಂದಣಿ ಅವಧಿ ಮುಗಿದು ರದ್ದಾದ ಮೇಲೆಯೂ, ಹೆಚ್ಚುವರಿ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿರುತ್ತದೆ. ಅದೂ ಮೀರಿದರೆ ಐದು ದಿನಗಳಲ್ಲಿ ಆ ಹೆಸರು ಮುಕ್ತವಾಗಿ, ಯಾರು ಬೇಕಾದರೂ ಕೊಳ್ಳಬಹುದಾದ ವಸ್ತುವಾಗುತ್ತದೆ.

ಡೊಮೇನ್ ಹೆಸರು ಕೇವಲ ವಿಳಾಸವಲ್ಲ, ವ್ಯಾಪಾರದ ಆಸ್ತಿ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿಯೇ ಸ್ಪಷ್ಟಪಡಿಸಿದೆ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ಆ ವ್ಯಾಜ್ಯ ಆರಂಭವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ‘ಸಿಫಿ’ ಎಂಬ ಪದವನ್ನು ಮೊದಲು ಬಳಕೆಗೆ ತಂದ ಸಂಸ್ಥೆಯ ಪರವಾಗಿ ಅಲ್ಲಿ ತಾತ್ಕಾಲಿಕ ತಡೆಯಾಜ್ಞೆ ದೊರೆಯಿತು. ಉಚ್ಚ ನ್ಯಾಯಾಲಯ ಅದನ್ನು ತೆರವುಗೊಳಿಸಿತು. ಸರ್ವೋಚ್ಚ ನ್ಯಾಯಾಲಯ ಮತ್ತೆ ಎತ್ತಿಹಿಡಿಯಿತು. ವ್ಯಾಪಾರ ಚಿಹ್ನೆಗೆ ದೊರೆಯುವ ರಕ್ಷಣೆಯ ತತ್ತ್ವಗಳು ಡೊಮೇನ್ ಹೆಸರಿಗೂ ಅನ್ವಯಿಸುತ್ತವೆ ಎಂಬುದು ಆ ತೀರ್ಪಿನ ಸಾರ. ಹಕ್ಕನ್ನು ಸಾಧಿಸಲು ದಾಖಲೆ ಬೇಕು. ಆದ್ದರಿಂದ ನೋಂದಣಿ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು, ಶುಲ್ಕ ಸಂಸ್ಥೆಯ ಬ್ಯಾಂಕ್ ಖಾತೆಯಿಂದಲೇ ಪಾವತಿಯಾಗಬೇಕು, ರಸೀತಿ ಕಡತದಲ್ಲಿರಬೇಕು. ಡೊಮೇನ್ ಹೆಸರನ್ನು ಒಮ್ಮೆಗೆ ಗರಿಷ್ಠ 10 ವರ್ಷಗಳವರೆಗೆ ನೋಂದಾಯಿಸಲು ಅವಕಾಶವಿದೆ. ನೋಂದಣಿಯ ಖಾತೆಗೆ ಆ ಡೊಮೇನ್‌ನದೇ ಇ-ಮೇಲ್ ವಿಳಾಸವನ್ನು ಕೊಡುವುದು ತಪ್ಪು. ತಾಣ ನಿಂತರೆ ಆ ಇ-ಮೇಲ್ ಕೂಡ ನಿಲ್ಲುತ್ತದೆ, ಸೂಚನೆಗಳು ತಲುಪುವುದಿಲ್ಲ.

ಸಾಧ್ಯವಾದರೆ ಡೊಮೇನ್ ಹೆಸರನ್ನು ಒಂದು ಸಂಸ್ಥೆಯಲ್ಲಿ, ಹೋಸ್ಟಿಂಗನ್ನು ಇನ್ನೊಂದು ಸಂಸ್ಥೆಯಲ್ಲಿ ಇರಿಸುವುದು ಕ್ಷೇಮ. ಹೋಸ್ಟಿಂಗ್ ಸಂಸ್ಥೆಯೊಂದಿಗೆ ವಿವಾದ ಉಂಟಾದರೂ ನಾಮಫಲಕ ಕೈತಪ್ಪುವುದಿಲ್ಲ.

ಶೇಕಡಾವಾರು ಭರವಸೆಯ ಲೆಕ್ಕ

ಹೋಸ್ಟಿಂಗ್ ಸಂಸ್ಥೆಗಳ ಜಾಹೀರಾತಿನಲ್ಲಿ ಎದ್ದು ಕಾಣುವ ಅಂಕಿ ಎಂದರೆ ತಾಣ ಚಾಲ್ತಿಯಲ್ಲಿರುವ ಅವಧಿಯ ಭರವಸೆ. ಶೇ. 99 ಎಂದರೆ ಉತ್ತಮವೆಂದೇ ತೋರುತ್ತದೆ. ಆದರೆ ವರ್ಷಕ್ಕೆ 8,760 ಗಂಟೆಗಳು, ಅದರಲ್ಲಿ ಶೇ. 1 ಎಂದರೆ 87.6 ಗಂಟೆ, ಅಂದರೆ ಮೂರೂವರೆ ದಿನಗಳಿಗೂ ಹೆಚ್ಚು. ಶೇ. 99.9 ಆದರೆ ಸುಮಾರು 8 ಗಂಟೆ 46 ನಿಮಿಷ. ಶೇ. 99.99 ಆದರೆ ಸುಮಾರು 53 ನಿಮಿಷ. ದಶಾಂಶದ ನಂತರದ ಒಂದೊಂದು ಅಂಕಿಯೂ ಇಲ್ಲಿ ಬೆಲೆಯುಳ್ಳದ್ದು.

ಭರವಸೆ ಮುರಿದರೆ ದೊರೆಯುವ ಪರಿಹಾರವೇನು ಎಂಬುದು ಇನ್ನೂ ಮುಖ್ಯ. ಸಾಮಾನ್ಯವಾಗಿ ಒಪ್ಪಂದಗಳಲ್ಲಿ ಪರಿಹಾರವೆಂದರೆ ಆ ತಿಂಗಳ ಬಾಡಿಗೆಯ ಒಂದು ಭಾಗವನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುವುದಷ್ಟೇ. ತಿಂಗಳ ಬಾಡಿಗೆ ರೂ. 500, ರಿಯಾಯಿತಿ ಶೇ. 10 ಎಂದಿಟ್ಟುಕೊಂಡರೆ ಕೈಸೇರುವುದು ರೂ. 50. ಅದೇ ದಿನ ಕೈತಪ್ಪಿದ ಬೇಡಿಕೆ ರೂ. 40,000 ಆಗಿದ್ದರೆ ಆ ನಷ್ಟ ಉದ್ಯಮಿಯದೇ. ನಿಗದಿತ ದುರಸ್ತಿಯ ಅವಧಿಯನ್ನು ಈ ಲೆಕ್ಕದಿಂದ ಹೊರಗಿಡುವ ಷರತ್ತೂ ಇರಬಹುದು. ಆದಕಾರಣ ಶೇಕಡಾವಾರು ಭರವಸೆಯನ್ನು ವಿಮೆಯೆಂದು ಭಾವಿಸಬಾರದು. ಅದು ಸಂಸ್ಥೆಯ ಶಿಸ್ತಿನ ಒಂದು ಸೂಚನೆ ಮಾತ್ರ.

ಎರಡು ಅಗ್ನಿ ದುರಂತಗಳ ಪಾಠ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಯುರೋಪಿನ ಪ್ರಮುಖ ಹೋಸ್ಟಿಂಗ್ ಸಂಸ್ಥೆಯಾದ ಓವಿಎಚ್‌ನ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಿತು. ಒಂದು ಕಟ್ಟಡ ಸಂಪೂರ್ಣ ನಾಶವಾಯಿತು, ಮತ್ತೊಂದು ಭಾಗಶಃ ಹಾನಿಗೊಂಡಿತು. ಸಮೀಕ್ಷಾ ಸಂಸ್ಥೆ ನೆಟ್‌ಕ್ರಾಫ್ಟ್ ಪ್ರಕಾರ ಸುಮಾರು 36 ಲಕ್ಷ ಜಾಲತಾಣಗಳು ಸ್ಥಗಿತಗೊಂಡವು. ತಮ್ಮಲ್ಲಿ ಪ್ರತ್ಯೇಕ ಪ್ರತಿ ಇಟ್ಟುಕೊಂಡಿದ್ದವರು ಬೇರೆಡೆ ತಾಣವನ್ನು ಮರುಸ್ಥಾಪಿಸಲು ಸಾಧ್ಯವಾಯಿತು. ಇಟ್ಟುಕೊಳ್ಳದವರಲ್ಲಿ ಹಲವರ ದತ್ತಾಂಶ ಶಾಶ್ವತವಾಗಿ ನಾಶವಾಯಿತು.

ಇವರಲ್ಲಿ ಶುಲ್ಕ ಕೊಟ್ಟು ಬ್ಯಾಕಪ್ ಸೇವೆ ಪಡೆದ ಗ್ರಾಹಕರೂ ಇದ್ದರು. ಅಂತಹ ಸಂಸ್ಥೆಯೊಂದರ ಬ್ಯಾಕಪ್ ಪ್ರತಿ ಮೂಲ ದತ್ತಾಂಶವಿದ್ದ ಕಟ್ಟಡದಲ್ಲಿಯೇ ಇದ್ದು, ಎರಡೂ ಒಟ್ಟಿಗೆ ಸುಟ್ಟುಹೋದವು. ಬ್ಯಾಕಪ್ ಅನ್ನು ಭೌತಿಕವಾಗಿ ಪ್ರತ್ಯೇಕ ಸ್ಥಳದಲ್ಲಿ ಇಡಲಾಗುವುದೆಂಬ ಅಂಶ ಒಪ್ಪಂದದಲ್ಲಿತ್ತು. 2023ರ ಜನವರಿಯಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯ ಆ ಗ್ರಾಹಕ ಸಂಸ್ಥೆಗೆ ಒಂದು ಲಕ್ಷ ಯೂರೋಗೂ ಹೆಚ್ಚು ಪರಿಹಾರ ನೀಡುವಂತೆ ಆದೇಶಿಸಿತು. ಗ್ರಾಹಕನ ನೆರವಿಗೆ ಬಂದದ್ದು ಒಪ್ಪಂದದಲ್ಲಿದ್ದ ಆ ಮಾತು.

ಎರಡನೆಯ ಘಟನೆ ದಕ್ಷಿಣ ಕೊರಿಯಾದ್ದು. 2025ರ ಸೆಪ್ಟೆಂಬರ್ 26ರಂದು ಡೇಜನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಹೊತ್ತಿದ ಬೆಂಕಿಯ ಪರಿಣಾಮವಾಗಿ 709 ಸರ್ಕಾರಿ ಗಣಕ ವ್ಯವಸ್ಥೆಗಳು ನಿಂತವು. ನೌಕರರ ಕಡತಗಳಿದ್ದ ಒಂದು ಸಂಗ್ರಹಾಗಾರದ 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಅದಕ್ಕೆ ಹೊರಗಡೆ ಪ್ರತಿಯೇ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶದ ಸರ್ಕಾರಕ್ಕೇ ಹೀಗಾಗುವುದಾದರೆ, ಸಣ್ಣ ಉದ್ಯಮಿ ತನ್ನ ಪ್ರತಿಯನ್ನು ತಾನೇ ಇಟ್ಟುಕೊಳ್ಳದೆ ನಿಶ್ಚಿಂತನಾಗಿರಲು ಸಾಧ್ಯವಿಲ್ಲ.

ಇದಕ್ಕೆ ತಂತ್ರಜ್ಞರು ಅನುಸರಿಸುವ ಸೂತ್ರ ಸರಳವಾಗಿದೆ: ಮೂರು ಪ್ರತಿಗಳು, ಎರಡು ಬಗೆಯ ಸಂಗ್ರಹ, ಒಂದು ಬೇರೆ ಊರಿನಲ್ಲಿ. ತಿಂಗಳಿಗೊಮ್ಮೆ ಇಡೀ ತಾಣದ ಪ್ರತಿಯನ್ನು ಕಚೇರಿಯ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಆನ್‌ಲೈನ್ ಬೇಡಿಕೆ ಸ್ವೀಕರಿಸುವ ತಾಣಕ್ಕೆ ಮಾತ್ರ ಪ್ರತಿದಿನದ ಬ್ಯಾಕಪ್ ಅಗತ್ಯ. ವರ್ಷಕ್ಕೆ ಒಮ್ಮೆಯಾದರೂ ಆ ಪ್ರತಿಯಿಂದ ತಾಣವನ್ನು ಮರುಸ್ಥಾಪಿಸಿ ನೋಡಬೇಕು. ಎಣಿಸಿ ನೋಡದ ದಾಸ್ತಾನಿನಂತೆ, ಮರುಸ್ಥಾಪಿಸಿ ನೋಡದ ಬ್ಯಾಕಪ್ ಕೂಡ ಕಾಗದದ ಮೇಲಿನ ಲೆಕ್ಕವಷ್ಟೇ.

ಕಡಿಮೆ ದರದ ನಿಜವಾದ ಬೆಲೆ

ಮೊದಲ ವರ್ಷಕ್ಕೆ ಅತಿ ಕಡಿಮೆ ದರ ತೋರಿಸಿ, ನವೀಕರಣದ ವೇಳೆ ಹಲವು ಪಟ್ಟು ಏರಿಸುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಆದ್ದರಿಂದ ಮೂರು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಬೇಕು. ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ. ‘ಅ’ ಸಂಸ್ಥೆ ಮೊದಲ ವರ್ಷಕ್ಕೆ ರೂ. 1,500, ನಂತರದ ವರ್ಷಗಳಿಗೆ ತಲಾ ರೂ. 5,000 ಕೇಳುತ್ತದೆ, ಸುರಕ್ಷತಾ ಪ್ರಮಾಣಪತ್ರಕ್ಕೆ ವರ್ಷಕ್ಕೆ ರೂ. 1,500, ಬ್ಯಾಕಪ್‌ಗೆ ರೂ. 1,200 ಪ್ರತ್ಯೇಕ. ಮೂರು ವರ್ಷಗಳ ಒಟ್ಟು ವೆಚ್ಚ ರೂ. 19,600. ‘ಆ’ ಸಂಸ್ಥೆ ಎಲ್ಲವನ್ನೂ ಸೇರಿಸಿ ವರ್ಷಕ್ಕೆ ರೂ. 4,500 ಕೇಳುತ್ತದೆ. ಒಟ್ಟು ರೂ. 13,500. ಮೊದಲ ನೋಟಕ್ಕೆ ಮೂರು ಪಟ್ಟು ದುಬಾರಿಯಾಗಿ ಕಂಡದ್ದು ವಾಸ್ತವದಲ್ಲಿ ರೂ. 6,100 ಅಗ್ಗ.

ಸುರಕ್ಷತಾ ಪ್ರಮಾಣಪತ್ರದ ವಿಷಯದಲ್ಲಿ ಒಂದು ಮಾತು. 2018ರ ಜುಲೈನಿಂದ ಗೂಗಲ್ ಕ್ರೋಮ್ ಈ ಪ್ರಮಾಣಪತ್ರವಿಲ್ಲದ ತಾಣಗಳನ್ನು ‘ಸುರಕ್ಷಿತವಲ್ಲ’ ಎಂದು ಗುರುತಿಸತೊಡಗಿತು. ಇದು ಅತ್ಯಗತ್ಯ ನಿಜ. ಆದರೆ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭೋದ್ದೇಶವಿಲ್ಲದ ವ್ಯವಸ್ಥೆ ಇದನ್ನು ಉಚಿತವಾಗಿ ಒದಗಿಸುತ್ತದೆ. ಸಾಧಾರಣ ವ್ಯಾಪಾರಿ ತಾಣಕ್ಕೆ ಅದು ಸಾಕು. ಅದೇ ರೀತಿ ‘ಅನಿಯಮಿತ ಸ್ಥಳ’ ಎಂಬ ಘೋಷಣೆಯನ್ನೂ ಷರತ್ತುಗಳೊಂದಿಗೆ ಓದಬೇಕು. ಕಡತಗಳ ಸಂಖ್ಯೆಗೋ, ಸರ್ವರ್ ಬಳಕೆಗೋ ಮಿತಿ ಇದ್ದೇ ಇರುತ್ತದೆ.

ಎಷ್ಟು ದೊಡ್ಡ ಜಾಗ ಬೇಕು?

ಸಂಸ್ಥೆಯ ಪರಿಚಯ, ಉತ್ಪನ್ನಗಳ ಚಿತ್ರ ಮತ್ತು ವಿಚಾರಣೆಯ ನಮೂನೆ ಇರುವ ತಾಣಕ್ಕೆ ಹಲವರು ಹಂಚಿಕೊಳ್ಳುವ ಸರ್ವರ್ ಸಾಕು. ನಿತ್ಯವೂ ಆನ್‌ಲೈನ್ ಮಾರಾಟ ನಡೆಯುವುದಾದರೆ, ನೆರೆಯವರ ದಟ್ಟಣೆ ತನ್ನ ತಾಣವನ್ನು ನಿಧಾನಗೊಳಿಸದಂತೆ ಪ್ರತ್ಯೇಕ ಪಾಲು ದೊರೆಯುವ ವಿಪಿಎಸ್ ಅಥವಾ ಕ್ಲೌಡ್ ಸೇವೆ ಸೂಕ್ತ. ಗ್ರಾಹಕರು ಮುಖ್ಯವಾಗಿ ಭಾರತದಲ್ಲಿದ್ದರೆ ಸರ್ವರ್ ಭಾರತದಲ್ಲಿರುವುದು ತಾಣದ ವೇಗಕ್ಕೆ ಅನುಕೂಲ. ವರ್ಷದಲ್ಲಿ ನಾಲ್ಕಾರು ಬಾರಿ ಮಾತ್ರ ಬಿಡಿ ಮಾರಾಟವಿರುವವರು ಸ್ವಂತ ಮಾರಾಟ ತಾಣದ ಬದಲು ಸರಳ ಪರಿಚಯ ತಾಣವನ್ನು ಇಟ್ಟುಕೊಂಡು, ಮಾರಾಟಕ್ಕೆ ಸಿದ್ಧ ಇ-ಮಾರುಕಟ್ಟೆಗಳನ್ನು ಬಳಸುವುದು ಮಿತವ್ಯಯದ ಮಾರ್ಗ.

ತೆರಿಗೆ ಮತ್ತು ಕಾನೂನಿನ ಅಂಶಗಳು

ಭಾರತದ ಹೋಸ್ಟಿಂಗ್ ಸಂಸ್ಥೆಯಿಂದ ಸೇವೆ ಪಡೆಯುವಾಗ ಖಾತೆ ತೆರೆಯುವ ಹಂತದಲ್ಲಿಯೇ ಉದ್ಯಮದ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಬೇಕು. ಇಲ್ಲವಾದರೆ ಬಿಲ್ಲಿನಲ್ಲಿ ಆ ಸಂಖ್ಯೆ ಇರದೆ ಹೂಡುವಳಿ ತೆರಿಗೆ ಜಮೆ ಕೈತಪ್ಪುತ್ತದೆ. ವಿದೇಶಿ ಸಂಸ್ಥೆಯಿಂದ ಸೇವೆ ಪಡೆದರೆ, ನೋಂದಾಯಿತ ಉದ್ಯಮಿ ಅದರ ಮೇಲಿನ ತೆರಿಗೆಯನ್ನು ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾನೇ ಪಾವತಿಸಬೇಕಾಗುತ್ತದೆ. ಮೊತ್ತ ಸಣ್ಣದೆಂದು ಇದನ್ನು ಕಡೆಗಣಿಸಿದರೆ ಮುಂದೆ ಬಡ್ಡಿಯೊಂದಿಗೆ ತೆರಬೇಕಾದೀತು. ಮೂರು ವರ್ಷಗಳ ಶುಲ್ಕವನ್ನು ಒಮ್ಮೆಗೇ ಪಾವತಿಸಿದಲ್ಲಿ ಆಯಾ ವರ್ಷಕ್ಕೆ ಸೇರಿದ ಭಾಗವನ್ನಷ್ಟೇ ಆ ವರ್ಷದ ಖರ್ಚಾಗಿ ತೋರಿಸಿ, ಉಳಿದುದನ್ನು ಮುಂಗಡ ವೆಚ್ಚವೆಂದು ಲೆಕ್ಕದಲ್ಲಿ ಇರಿಸಬೇಕು.

ಲೆಕ್ಕಪುಸ್ತಕಗಳನ್ನೂ ಸರ್ವರ್‌ನಲ್ಲಿ ಇಟ್ಟಿರುವ ಕಂಪನಿಗಳಿಗೆ ಇನ್ನೊಂದು ಹೊಣೆಯಿದೆ. 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳ ಪ್ರಕಾರ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಅನ್ನು ಭಾರತದಲ್ಲಿ ಭೌತಿಕವಾಗಿ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸಬೇಕು. ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆಗಳನ್ನು ಸಂಗ್ರಹಿಸುವ ತಾಣಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ದತ್ತಾಂಶವನ್ನು ಹೋಸ್ಟಿಂಗ್ ಸಂಸ್ಥೆಯ ಸರ್ವರ್‌ನಲ್ಲಿ ಇರಿಸಿದ ಮಾತ್ರಕ್ಕೆ ಉದ್ಯಮಿಯ ಹೊಣೆ ಕಳೆಯುವುದಿಲ್ಲ ಎಂಬುದು ಈ ಕಾನೂನಿನಲ್ಲಿ ಗಮನಿಸಬೇಕಾದ ಅಂಶ.

ಹಣ ಪಾವತಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಡೊಮೇನ್ ಹೆಸರು ಮತ್ತು ಹೋಸ್ಟಿಂಗ್ ಖಾತೆ ಎರಡೂ ನಮ್ಮ ಸಂಸ್ಥೆಯ ಹೆಸರಿನಲ್ಲಿ ಇರುತ್ತವೆಯೇ?

2. ನವೀಕರಣದ ದರವೆಷ್ಟು? ಯಾವ ಸೇವೆಗಳಿಗೆ ಪ್ರತ್ಯೇಕ ಶುಲ್ಕವಿದೆ?

3. ಬ್ಯಾಕಪ್ ಎಷ್ಟು ದಿನಗಳಿಗೊಮ್ಮೆ ಆಗುತ್ತದೆ? ಯಾವ ಊರಿನಲ್ಲಿ ಇಡಲಾಗುತ್ತದೆ? ಮರುಸ್ಥಾಪನೆಗೆ ಶುಲ್ಕವಿದೆಯೇ?

4. ಸೇವೆ ಬಿಟ್ಟು ಹೋಗುವಾಗ ಸಂಪೂರ್ಣ ದತ್ತಾಂಶವನ್ನು ಎಷ್ಟು ದಿನಗಳಲ್ಲಿ, ಯಾವ ರೂಪದಲ್ಲಿ ಕೊಡಲಾಗುತ್ತದೆ?

5. ಬಾಡಿಗೆ ಬಾಕಿಯಾದರೆ ದತ್ತಾಂಶವನ್ನು ಎಷ್ಟು ದಿನ ಅಳಿಸದೆ ಉಳಿಸಲಾಗುತ್ತದೆ?

6. ರಾತ್ರಿ ವೇಳೆ ಅಥವಾ ರಜಾದಿನ ತಾಣ ನಿಂತರೆ ಯಾರನ್ನು ಸಂಪರ್ಕಿಸಬೇಕು? ದೂರವಾಣಿಯಲ್ಲಿ ಮನುಷ್ಯರು ಮಾತನಾಡುತ್ತಾರೆಯೇ?

ಉತ್ತರಗಳನ್ನು ಲಿಖಿತವಾಗಿ ಪಡೆಯುವುದು ಅಗತ್ಯ. ಸಾಧ್ಯವಾದರೆ ಮೊದಲು ಒಂದು ತಿಂಗಳ ಮಟ್ಟಿಗೆ ಮಾತ್ರ ಸೇವೆ ಪಡೆದು, ರಾತ್ರಿ ಹತ್ತು ಗಂಟೆಗೆ ಒಂದು ತಾಂತ್ರಿಕ ಪ್ರಶ್ನೆ ಕಳುಹಿಸಿ ಉತ್ತರ ಬರುವ ವೇಳೆಯನ್ನು ಗುರುತಿಸಿಕೊಳ್ಳಬಹುದು. ಒಂದು ಪುಟವನ್ನು ಬೇಕೆಂದೇ ಅಳಿಸಿ, ಅದನ್ನು ಮರಳಿ ಕೊಡುವಂತೆ ಕೇಳಬಹುದು.

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಯಾವ ರೀಲರೂ ಗೂಡನ್ನು ನೋಡದೆ ಬೆಲೆ ಕೂಗುವುದಿಲ್ಲ. ಹಿಡಿ ಗೂಡನ್ನು ಕೈಗೆತ್ತಿಕೊಂಡು, ಒತ್ತಿ, ಅಲುಗಾಡಿಸಿ ನೋಡಿದ ನಂತರವೇ ಹರಾಜಿನಲ್ಲಿ ತೊಡಗುತ್ತಾನೆ. ಈ ಭಾಗದ ವ್ಯಾಪಾರಿಗಳಿಗೆ ಪರೀಕ್ಷಿಸಿ ಕೊಳ್ಳುವುದು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಸರ್ವರ್ ಕಣ್ಣಿಗೆ ಕಾಣದು ಎಂಬ ಕಾರಣಕ್ಕೆ ಆ ಅಭ್ಯಾಸವನ್ನು ಬಿಡಬಾರದು ಅಷ್ಟೇ.

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಿತು. ಬಿಲ್ಲು, ಲೆಟರ್‌ಹೆಡ್‌ಗಳ ಜೊತೆಗೆ ಜಾಲತಾಣದ ವಿಳಾಸವನ್ನೂ ತಿದ್ದಬೇಕಾದ ಸಂದರ್ಭ ಅದು. ಇನ್ನೂ ತಿದ್ದದವರು ಇದೇ ನೆಪದಲ್ಲಿ ತಮ್ಮ ತಾಣದ ಗುಪ್ತಪದ ಯಾರ ಬಳಿ ಇದೆ, ಡೊಮೇನ್ ಯಾರ ಹೆಸರಿನಲ್ಲಿದೆ, ನವೀಕರಣದ ದಿನಾಂಕ ಯಾವುದು, ಕೊನೆಯ ಬ್ಯಾಕಪ್ ಎಂದು ಆಯಿತು ಎಂಬ ನಾಲ್ಕು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು, ಅಂಗಡಿಯ ಪರವಾನಗಿ ಮತ್ತು ಜಿಎಸ್‌ಟಿ ಪ್ರಮಾಣಪತ್ರಗಳಿರುವ ಕಡತದಲ್ಲಿ ಇರಿಸುವುದು ಒಳ್ಳೆಯದು. ಗುಪ್ತಪದವನ್ನೇ ಆ ಹಾಳೆಯಲ್ಲಿ ಬರೆಯದೆ, ಮುಚ್ಚಿದ ಲಕೋಟೆಯಲ್ಲಿ ಬೀರುವಿನಲ್ಲಿಡಬೇಕು. ಈ ನಾಲ್ಕರಲ್ಲಿ ಯಾವುದಕ್ಕೆ ಉತ್ತರ ದೊರೆಯದೋ, ಅಲ್ಲಿಂದಲೇ ಕೆಲಸ ಆರಂಭವಾಗಲಿ.